ಪೋಸ್ಟ್‌ಗ್ರೆಸ್ ಬ್ಯಾಕಪ್ ಟೂಲ್ ಆರಿಸುವ ಮುನ್ನ ರಿಸ್ಟೋರ್ ಮಾಡಿ ನೋಡಿ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ಗೆ ಬ್ಯಾಕಪ್ ಟೂಲ್ ಹುಡುಕುವ ಮೊದಲು ಎರಡು ಸಂಖ್ಯೆ ಬರೆದುಕೊಳ್ಳಿ: ಎಷ್ಟು ನಿಮಿಷದ ಡೇಟಾ ಹೋದರೆ ತಡೆದುಕೊಳ್ಳಬಹುದು, ಎಷ್ಟು ಹೊತ್ತು ಸೇವೆ ನಿಂತರೆ ತಡೆದುಕೊಳ್ಳಬಹುದು. ಇದನ್ನು ಹೇಳಬೇಕಾದವರು ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಅಲ್ಲ, ವ್ಯವಹಾರ ನೋಡಿಕೊಳ್ಳುವವರು. ಅವರು "ಒಂದು ನಿಮಿಷವೂ ಹೋಗಕೂಡದು" ಎಂದರೆ ಅದಕ್ಕೆ ತಗಲುವ ಖರ್ಚನ್ನು ಮುಂದಿಡಿ, ಸಂಖ್ಯೆ ತಾನಾಗಿ ಇಳಿಯುತ್ತದೆ.

ಈ ಎರಡು ಸಂಖ್ಯೆಗಳೇ ಟೂಲ್‌ಗಳ ಅರ್ಧ ಪಟ್ಟಿಯನ್ನು ಅಳಿಸಿಹಾಕುತ್ತವೆ. ಡೇಟಾಬೇಸಿನ ನಕಲನ್ನು ಫೈಲಿಗೆ ಬರೆಯುವ ಪಿಜಿ-ಡಂಪನ್ನು ದಿನಕ್ಕೊಮ್ಮೆ ಓಡಿಸಿದರೆ ಎರಡು ಡಂಪ್‌ಗಳ ನಡುವಿನದ್ದೆಲ್ಲ ಹೋದಂತೆಯೇ. ಮೇಲಾಗಿ ಅದು ಒಂದು ಡೇಟಾಬೇಸನ್ನಷ್ಟೇ ತೆಗೆದುಕೊಳ್ಳುತ್ತದೆ. ಯೂಸರ್‌ಗಳು, ಪಾಸ್‌ವರ್ಡ್‌ಗಳು ಬೇಕೆಂದರೆ ಪಿಜಿ-ಡಂಪ್‌ಆಲ್ ಬೇರೆ ಓಡಿಸಬೇಕು. ನಿಮಿಷಗಳ ಲೆಕ್ಕ ಬೇಕಾದವರಿಗೆ ವಾಲ್ ಫೈಲುಗಳನ್ನು, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಲಾಗನ್ನು, ಬೇರೆ ಕಡೆ ಸಾಗಿಸಿಡುವ ಟೂಲ್ ಬೇಕು. ಪಿಜಿ-ಬ್ಯಾಕ್‌ರೆಸ್ಟ್, ಬಾರ್‌ಮನ್, ವಾಲ್-ಜಿ ಈ ಸಾಲಿನವು. 17ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನದೇ ಪಿಜಿ-ಬೇಸ್‌ಬ್ಯಾಕಪ್ ಕೂಡ ಬದಲಾದ ಭಾಗವನ್ನಷ್ಟೇ (ಇನ್‌ಕ್ರಿಮೆಂಟಲ್ ಬ್ಯಾಕಪ್) ತೆಗೆದುಕೊಳ್ಳಬಲ್ಲದು. ಆದರೆ ಹಳೆಯದನ್ನು ಅಳಿಸುವುದು, ವೇಳಾಪಟ್ಟಿ, ಎಚ್ಚರಿಕೆ ಇವೆಲ್ಲ ನಿಮ್ಮ ತಲೆಮೇಲೆ.

ಪರೀಕ್ಷೆಯ ಅಂಗಳ

ಮೂರು ಯಂತ್ರ ಬೇಕು: ಡೇಟಾಬೇಸ್‌ಗೆ ಒಂದು, ಬ್ಯಾಕಪ್ ಇಡಲು ಒಂದು, ರಿಸ್ಟೋರ್‌ಗೆ, ಅಂದರೆ ಬ್ಯಾಕಪ್‌ನಿಂದ ಡೇಟಾ ಮರಳಿ ತರಲು, ಖಾಲಿ ಇರುವ ಒಂದು. ಡೇಟಾ ತುಂಬಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪರೀಕ್ಷಾ ಟೂಲ್ ಪಿಜಿ-ಬೆಂಚ್ ಸಾಕು. ಸ್ಕೇಲ್ 1000 ಕೊಟ್ಟರೆ ದೊಡ್ಡ ಟೇಬಲ್‌ನಲ್ಲಿ 10 ಕೋಟಿ ಸಾಲು, ಒಟ್ಟು ಸುಮಾರು 15 ಜಿಬಿ. ಆದರೆ ಅದರಲ್ಲಿನ ಫಿಲ್ಲರ್ ಕಾಲಂ ಬರೀ ಖಾಲಿ ಜಾಗ, ಹಾಗಾಗಿ ಕಂಪ್ರೆಷನ್ ಅದ್ಭುತ ಅನಿಸುತ್ತದೆ. ಆ ಅಂಕಿ ನಂಬಿ ಡಿಸ್ಕ್ ಕೊಂಡರೆ ಕೆಟ್ಟಿರಿ. ಗಾತ್ರದ ಲೆಕ್ಕಕ್ಕೆ ಹೆಸರು, ಫೋನ್ ನಂಬರ್ ಮರೆಮಾಡಿದ ನಿಮ್ಮದೇ ಡೇಟಾ ಬಳಸಿ.

ಜೊತೆಗೆ ಗಡಿಯಾರದ ಟೇಬಲ್ ಒಂದನ್ನು ಮಾಡಿ, ಪ್ರತಿ ಸೆಕೆಂಡಿಗೆ ಆಗಿನ ಸಮಯದ ಒಂದು ಸಾಲು ಸೇರಿಸುತ್ತಿರಿ. ಪಿಜಿ-ಬೆಂಚ್‌ನ ಲೋಡ್ ಓಡುತ್ತಿರುವಾಗಲೇ ಡೇಟಾಬೇಸ್ ಯಂತ್ರದ ವಿದ್ಯುತ್ ಕಿತ್ತು, ಅದರ ಡಿಸ್ಕ್ ಸುಟ್ಟುಹೋಯಿತೆಂದೇ ಭಾವಿಸಿ, ಮೂರನೇ ಯಂತ್ರದಲ್ಲಿ ರಿಸ್ಟೋರ್ ಮಾಡಿ. ಆ ಟೇಬಲ್‌ನ ಕೊನೆಯ ಸಾಲಿಗೂ ವಿದ್ಯುತ್ ಕಿತ್ತ ಹೊತ್ತಿಗೂ ನಡುವಿನ ಅಂತರವೇ ನಿಜವಾದ ನಷ್ಟ. ವಾಲ್ ಫೈಲ್ ಒಂದಕ್ಕೆ ಸಾಮಾನ್ಯವಾಗಿ 16 ಎಂಬಿ. ಅದು ತುಂಬದೆ ಆರ್ಕೈವ್‌ಗೆ, ಅಂದರೆ ಬ್ಯಾಕಪ್ ಇಡುವ ಜಾಗಕ್ಕೆ, ಹೋಗದು, ಆದ್ದರಿಂದ ಕೆಲಸ ಕಡಿಮೆ ಇರುವ ಸರ್ವರ್‌ನಲ್ಲೇ ನಷ್ಟ ಹೆಚ್ಚು ಹೊತ್ತಿನದಾಗುತ್ತದೆ. ತುಂಬದ ಫೈಲನ್ನೂ ಇಷ್ಟು ಹೊತ್ತಿಗೆ ಕಳಿಸು ಎನ್ನುವ ಆರ್ಕೈವ್ ಟೈಮ್‌ಔಟ್ ಅನ್ನು 60 ಸೆಕೆಂಡ್ ಇಟ್ಟರೆ ಇದು ಸರಿಹೋಗುತ್ತದೆ. ಬದಲಿಗೆ ಸದಾ ಏನಾದರೂ ಬರೆಯುವ ಸರ್ವರ್‌ನಲ್ಲಿ ದಿನಕ್ಕೆ ಕನಿಷ್ಠ 1440 ಫೈಲು, ಕಂಪ್ರೆಸ್ ಮಾಡದಿದ್ದರೆ 22 ಜಿಬಿ ದಾಟುತ್ತದೆ.

ಹೊತ್ತು ಅಳೆಯುವುದು

ಬ್ಯಾಕಪ್ ಎಷ್ಟು ಬೇಗ ಮುಗಿಯಿತು ಎಂಬುದಕ್ಕೆ ಅಷ್ಟು ಬೆಲೆ ಕೊಡಬೇಡಿ, ರಾತ್ರಿಯಿಡೀ ಓಡಿದರೂ ನಡೆದೀತು. ರಿಸ್ಟೋರ್ ಅನ್ನು ಎರಡು ಭಾಗವಾಗಿ ಅಳೆಯಿರಿ. ಮೊದಲನೆಯದು ಫೈಲು ತರುವುದು: 1 ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 110 ಎಂಬಿ ಬಂದರೆ 500 ಜಿಬಿಗೆ ಹತ್ತಿರಹತ್ತಿರ 75 ನಿಮಿಷ. ಕಂಪ್ರೆಷನ್, ಸಮಾನಾಂತರ ಪ್ರೊಸೆಸ್‌ಗಳು ಇಲ್ಲಿ ನೆರವಾಗುತ್ತವೆ. ಎರಡನೆಯದು ವಾಲ್ ಮರುಪ್ರಯೋಗ, ಅಂದರೆ ಲಾಗಿನಲ್ಲಿರುವ ಬದಲಾವಣೆಗಳನ್ನು ಮತ್ತೆ ನಡೆಸುವುದು. ಇದನ್ನು ಪೋಸ್ಟ್‌ಗ್ರೆಸ್ ಒಂದೇ ಪ್ರೊಸೆಸ್‌ನಲ್ಲಿ ಮಾಡುತ್ತದೆ, ಯಾವ ಟೂಲ್ ತಂದರೂ ಅದು ಬದಲಾಗದು. ಭಾನುವಾರ ಪೂರ್ಣ ಬ್ಯಾಕಪ್ ತೆಗೆದು ಶನಿವಾರ ಬಿದ್ದರೆ ಆರು ದಿನದ ವಾಲ್ ಒಂದೊಂದಾಗಿ ಓಡಬೇಕು. ಹಾಗಾಗಿ ದಿನವೂ ಇನ್‌ಕ್ರಿಮೆಂಟಲ್ ಬ್ಯಾಕಪ್ ಸಲೀಸಾಗಿ ತೆಗೆಯುವ ಟೂಲ್‌ಗೆ ಹೆಚ್ಚು ಅಂಕ.

ಬೇಕೆಂದೇ ಕೆಡಿಸಿ

ಬ್ಯಾಕಪ್ ಡಿಸ್ಕ್ ಪೂರ್ತಿ ತುಂಬಿಸಿ. ಆರ್ಕೈವ್ ಆಗದ ವಾಲ್ ಮುಖ್ಯ ಸರ್ವರ್‌ನಲ್ಲೇ ರಾಶಿ ಬೀಳುತ್ತದೆ, ಕೊನೆಗೆ ಅಲ್ಲಿನ ಡಿಸ್ಕೂ ತುಂಬಿ ಡೇಟಾಬೇಸೇ ನಿಲ್ಲುತ್ತದೆ. ಪಿಜಿ-ಬ್ಯಾಕ್‌ರೆಸ್ಟ್‌ನಲ್ಲಿ ಇದಕ್ಕೊಂದು ಮಿತಿ ಹಾಕಬಹುದು. ಮಿತಿ ಮೀರಿದರೆ ವಾಲ್ ಬಿಟ್ಟುಕೊಟ್ಟು ಸರ್ವರ್ ಉಳಿಸುತ್ತದೆ, ಆದರೆ ಅಲ್ಲಿಂದ ಮುಂದೆ ಸರಪಳಿ ತುಂಡು. ಯಾವುದು ಬೇಕೆಂಬುದು ನಿಮ್ಮ ತೀರ್ಮಾನ. ಅದಕ್ಕಿಂತ ಮುಖ್ಯ, ಎಚ್ಚರಿಕೆ ನಿಮ್ಮ ಕೈಗೆ ತಲುಪಿತೇ? 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಕೈತಪ್ಪಿ ಅಳಿಸಿಹೋದಾಗ ತಿಳಿದದ್ದಿಷ್ಟು: ಪೋಸ್ಟ್‌ಗ್ರೆಸ್ 9.6 ಸರ್ವರ್ ಮೇಲೆ 9.2 ಆವೃತ್ತಿಯ ಪಿಜಿ-ಡಂಪ್ ಓಡಿ ಸೋಲುತ್ತಿತ್ತು, ಸೋತ ಸುದ್ದಿ ಹೊತ್ತ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೈಹಿಡಿದದ್ದು ಸುಮಾರು 6 ಗಂಟೆ ಹಳೆಯ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್.

ಬ್ಯಾಕಪ್‌ನ ಒಂದು ಫೈಲಿನಲ್ಲಿ ಒಂದು ಬೈಟ್ ಬದಲಿಸಿ, ಟೂಲ್‌ನ ಪರಿಶೀಲನೆ ಅದನ್ನು ಹಿಡಿಯುತ್ತದೆಯೇ ನೋಡಿ. ಬ್ಯಾಕಪ್ ಅರ್ಧದಲ್ಲಿದ್ದಾಗ ಪ್ರೊಸೆಸ್ ಕೊಂದು, ಮುಂದಿನ ಸಲ ಅದು ತಾನೇ ಚೇತರಿಸಿಕೊಳ್ಳುತ್ತದೆಯೇ ನೋಡಿ.

ಆಮೇಲೆ ಒಂದು ಟೇಬಲ್ ಡ್ರಾಪ್ ಮಾಡಿ, ಅದಕ್ಕೂ ಒಂದು ನಿಮಿಷ ಹಿಂದಕ್ಕೆ ರಿಸ್ಟೋರ್ ಮಾಡಿ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ: ಸರ್ವರ್ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ, ಕೈಗಡಿಯಾರ ಭಾರತೀಯ ಕಾಲಮಾನದಲ್ಲಿ. ಗುರಿ ಸಮಯಕ್ಕೆ +05:30 ಸೇರಿಸದೆ ಬರೆದರೆ ಐದೂವರೆ ಗಂಟೆ ಮುಂದಿನ ಸಮಯ ಕೊಟ್ಟ ಹಾಗೆ. ವಾಲ್ ಅಷ್ಟು ದೂರ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ 13 ಮತ್ತು ಮುಂದಿನ ಆವೃತ್ತಿಗಳು ಗುರಿ ಮುಟ್ಟಲಿಲ್ಲವೆಂದು ದೋಷ ತೋರಿಸಿ ನಿಲ್ಲುತ್ತವೆ, ಬದುಕಿಕೊಂಡಿರಿ. ಇದ್ದರೆ, ಡ್ರಾಪ್ ಕೂಡ ಮತ್ತೊಮ್ಮೆ ನಡೆದುಹೋಗುತ್ತದೆ.

ಸರ್ವರ್ ಎದ್ದ ಮೇಲೂ ನಂಬಬೇಡಿ

ಇಡೀ ಡೇಟಾಬೇಸನ್ನು ಡಂಪ್ ಮಾಡಿ ಬಂದದ್ದನ್ನೆಲ್ಲ ನುಂಗಿಬಿಡುವ ಡೆವ್-ನಲ್‌ಗೆ ಎಸೆಯಿರಿ. ಪ್ರತಿ ಸಾಲನ್ನೂ ಒಮ್ಮೆ ಓದಿದಂತಾಗುತ್ತದೆ. ಸಾಲು ಬೇಗ ಹುಡುಕಲು ಇರುವ ಇಂಡೆಕ್ಸ್‌ಗಳಿಗೆ, ಅವು ಸರಿಯಿವೆಯೇ ನೋಡುವ ಪಿಜಿ-ಆಮ್‌ಚೆಕ್ ಓಡಿಸಿ. ರಿಸ್ಟೋರ್ ಯಂತ್ರದ ಲಿನಕ್ಸ್ ಬೇರೆ ಆವೃತ್ತಿಯದಾಗಿದ್ದರೆ ಇದು ಕಡ್ಡಾಯ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.28ರಲ್ಲಿ ಅಕ್ಷರಗಳ ವಿಂಗಡಣೆಯ ಕ್ರಮ ಬದಲಾಯಿತು. ರೆಡ್ ಹ್ಯಾಟ್ ಲಿನಕ್ಸ್ 7ರಲ್ಲಿ ತೆಗೆದ ಭೌತಿಕ (ಡೇಟಾ ಫೈಲುಗಳನ್ನೇ ನಕಲಿಸಿದ) ಬ್ಯಾಕಪ್ಪನ್ನು 8ರಲ್ಲಿ ಏರಿಸಿದರೆ ಪಠ್ಯದ ಇಂಡೆಕ್ಸ್‌ಗಳು ಇರುವ ಸಾಲನ್ನೂ ಇಲ್ಲವೆನ್ನಬಹುದು, ರೀಇಂಡೆಕ್ಸ್ ಮಾಡಲೇಬೇಕು.

ಎನ್‌ಕ್ರಿಪ್ಷನ್ ಬಳಸುವುದಾದರೆ ಅದರ ಪಾಸ್‌ಫ್ರೇಸ್ ಎಲ್ಲಿದೆ ನೋಡಿ. ಸುಟ್ಟುಹೋಗಬಹುದಾದ ಅದೇ ಸರ್ವರ್‌ನ ಕಾನ್ಫಿಗ್ ಫೈಲಿನಲ್ಲಿ ಮಾತ್ರ ಇದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಕ್ಲೌಡ್‌ಗೆ ಹಾಕುವವರು ವಾಪಸ್ ಇಳಿಸಿಕೊಳ್ಳುವ ದರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈ ಪರೀಕ್ಷೆಗಳೆಲ್ಲ ಮುಗಿದು ಉಳಿದ ಎರಡು ಟೂಲ್‌ಗಳಲ್ಲಿ ಯಾವುದೆಂದು ತೀರ್ಮಾನವಾಗದಿದ್ದರೆ, ಅವನ್ನು ಜೋಡಿಸದ ಸಹೋದ್ಯೋಗಿಯೊಬ್ಬರಿಗೆ ನಿಮ್ಮ ಟಿಪ್ಪಣಿಯನ್ನಷ್ಟೇ ಕೊಟ್ಟು ರಿಸ್ಟೋರ್ ಮಾಡಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲೆಲ್ಲಿ ನಿಂತರು, ಎಷ್ಟು ಸಲ ಮ್ಯಾನುಯಲ್ ತೆರೆದರು ಎಂಬುದನ್ನು ಬರೆದಿಟ್ಟುಕೊಳ್ಳಿ.