ಕಟ್ಟಿಗೆ ಒಲೆ ಬಿಡದೆ ಬಂಗು ತಗ್ಗಿಸಿಕೊಂಡಿದ್ದು

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಅಂಗಡಿ ಇಟ್ಟವರು ಕಟ್ಟಿಗೆ ಒಲೆ ಬಿಡುವ ಮಾತೇ ಇಲ್ಲ. ಹಾಗಾಗಿ ಮುಖದ ಬಂಗಿಗೆ ಔಷಧಿ ಅಂತ ಹೊರಟಾಗ ನನಗಿದ್ದ ಪ್ರಶ್ನೆ ಒಂದೇ: ಒಲೆ ಮುಂದೆ ನಿಂತುಕೊಂಡೇ ಇದನ್ನು ಕಡಿಮೆ ಮಾಡಿಕೊಳ್ಳೋಕೆ ಆಗುತ್ತಾ?

ಎರಡನೇ ಬಸಿರಿನಲ್ಲಿ ಕೆನ್ನೆ, ಹಣೆ, ಮೇಲ್ತುಟಿಯ ಮೇಲೆ ಕಂದು ಕಲೆ ಹರಡಿತು. ಹೆರಿಗೆ ಆದ ಮೇಲೆ ಕೆಲವರಿಗೆ ತಾನಾಗಿಯೇ ಮಾಸುತ್ತದೆ. ನನಗೆ ಮಾಸಲಿಲ್ಲ. ಲಿವರ್ ಕೆಟ್ಟಿದೆ, ರಕ್ತ ಕೆಟ್ಟಿದೆ ಅಂತ ಬಂದವರೆಲ್ಲ ಒಂದೊಂದು ಹೇಳಿದರು. ನಮ್ಮತ್ತೆ ಮಾತ್ರ, "ಸುಮ್ನೆ ಅವರಿವರ ಮಾತು ಕೇಳಬೇಡ, ಚರ್ಮದ ಡಾಕ್ಟರಿಗೆ ತೋರಿಸು" ಅಂದರು.

ಡಾಕ್ಟರ್ ಕತ್ತಲೆ ಕೋಣೆಯಲ್ಲಿ ಕೂರಿಸಿ, ವುಡ್ಸ್ ಲ್ಯಾಂಪ್ ಅನ್ನೋ ನೇರಳೆ ಬೆಳಕಿನ ದೀಪ ಹಿಡಿದು ನೋಡಿದರು. ಬಣ್ಣ ಚರ್ಮದ ಮೇಲ್ಪದರದಲ್ಲಿದ್ದರೆ ಆ ಬೆಳಕಿಗೆ ಎದ್ದು ಕಾಣುತ್ತದೆ, ಆಳಕ್ಕೆ ಇಳಿದಿದ್ದರೆ ಅಷ್ಟು ಕಾಣುವುದಿಲ್ಲ. ನನ್ನದು ಎರಡೂ ಬೆರೆತದ್ದು. ಕುತ್ತಿಗೆಯನ್ನೂ ನೋಡಿದರು. ಅಲ್ಲಿ ಚರ್ಮ ದಪ್ಪಗಾಗಿ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಬಂಗಲ್ಲವಂತೆ. ಆಗ ತೂಕ, ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಬೇಕು.

ಆಮೇಲೆ ಕೇಳಿದರು, "ಗರ್ಭ ನಿಲ್ಲದ ಹಾಗೆ ಮಾತ್ರೆ ತಗೊಳ್ತೀರೇನಮ್ಮ? ಒಲೆ ಮುಂದೆ ಎಷ್ಟು ಹೊತ್ತು ಇರ್ತೀರಿ?" ಎರಡಕ್ಕೂ ಸಂಬಂಧ ಇದೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಕೋಶಗಳನ್ನು ಬಸಿರಿನ ಹಾರ್ಮೋನು, ಆ ಮಾತ್ರೆಯ ಹಾರ್ಮೋನು, ಬಿಸಿಲು, ಬರೀ ಬೆಳಕು, ಕಾವು ಎಲ್ಲವೂ ಕೆರಳಿಸುತ್ತವೆ. ಮಾತ್ರೆ ಬಿಟ್ಟು ಕಾಪರ್ ಟಿ ಹಾಕಿಸಿಕೊಂಡೆ.

ಅಂಗಡಿ ಕೆಲಸ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ನಮ್ಮದು ಪಶ್ಚಿಮಕ್ಕೆ ಬಾಗಿಲು. ಸಂಜೆ ಬಿಸಿಲು ನೇರ ಕಾವಲಿ ಮೇಲೆ ಬೀಳುತ್ತಿತ್ತು, ಕೆಳಗಿನಿಂದ ಬೆಂಕಿ ಬೇರೆ. ಮೊದಲು ಮುಂದುಗಡೆ ದಪ್ಪ ಪರದೆ ಇಳಿಬಿಟ್ಟೆ. ಫ್ಯಾನನ್ನು ಒಲೆ ಕಡೆ ತಿರುಗಿಸಿದರೆ ಬೂದಿ ಹಾರಿ ದೋಸೆ ಮೇಲೆ ಕೂರುತ್ತದೆ, ಅದಕ್ಕೇ ಪಕ್ಕದಿಂದ ಬರೀ ನನ್ನ ಮುಖಕ್ಕೆ ಗಾಳಿ ಬರುವಂತೆ ಎತ್ತರಕ್ಕೆ ಹಾಕಿಸಿದೆ. ಉದ್ದ ಹಿಡಿಯ ಮೊಗಚುವ ಕೈ ತಂದುಕೊಂಡೆ, ಬಗ್ಗಿ ನಿಲ್ಲುವುದು ತಪ್ಪಿತು. ಮುಂಜಾನೆಯ ನೂಕುನುಗ್ಗಲಿಗೆ ನಾನು ಒಲೆ ಮುಂದೆ, ಬಿಸಿಲೇರಿದ ಮೇಲೆ ನಮ್ಮ ಮನೆಯವರು. ಅವರು ಹೊಯ್ಯುವ ದೋಸೆ ಸ್ವಲ್ಪ ದಪ್ಪ, ಗಿರಾಕಿಗಳು ಅದನ್ನೂ ಒಪ್ಪಿಕೊಂಡರು.

ಸನ್‌ಸ್ಕ್ರೀನ್ ವಿಷಯದಲ್ಲಿ ಜಿಪುಣತನ ನಡೆಯುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸಾಕಾಗುತ್ತದೆ. ಎಸ್‌ಪಿಎಫ್ (ಬಿಸಿಲು ಎಷ್ಟು ತಡೆಯುತ್ತದೆ ಅನ್ನೋ ಅಳತೆ) 30ಕ್ಕಿಂತ ಕಡಿಮೆ ಬೇಡ. ಬಂಗಿಗೆ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಕಪ್ಪು ಮಾಡುತ್ತದೆ, ಬಿಳಿ ಕ್ರೀಮುಗಳು ಅದನ್ನು ಅಷ್ಟಾಗಿ ತಡೆಯುವುದಿಲ್ಲ. ನಾನು ಬೆವರನ್ನು ಉಜ್ಜದೆ ಹತ್ತಿ ಬಟ್ಟೆಯಿಂದ ಒತ್ತಿ ತೆಗೆದು, ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚುತ್ತೇನೆ. ಆದರೆ ಒಲೆಯ ಕಾವಿಗೆ ಸನ್‌ಸ್ಕ್ರೀನ್ ಅಡ್ಡ ಬರುವುದಿಲ್ಲ, ಅದಕ್ಕೆ ದೂರ ನಿಲ್ಲುವುದೇ ದಾರಿ.

ರಾತ್ರಿಗೆ ಕೊಟ್ಟಿದ್ದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್ ಸೇರಿದ ಕ್ರೀಮು. ಕಲೆ ಮೇಲಷ್ಟೇ ತೆಳ್ಳಗೆ, ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ನಮ್ಮ ನಾದಿನಿಗೆ ಒಂದು ಮೆಡಿಕಲ್ ಶಾಪಿನವರು ಇಂಥದ್ದೇ ಟ್ಯೂಬನ್ನು ಬೆಳ್ಳಗಾಗುವ ಕ್ರೀಮು ಅಂತ ಚೀಟಿ ಇಲ್ಲದೆ ಕೊಟ್ಟಿದ್ದರು. ತಿಂಗಳುಗಟ್ಟಲೆ ಹಚ್ಚಿ ಅವಳ ಮುಖ ಕೆಂಪಗಾಗಿ, ಚರ್ಮ ತೆಳುವಾಗಿ, ಕೂದಲು ಬೇರೆ ಬಂತು. 2018ರಿಂದ ಇಂಥ ಸ್ಟೀರಾಯ್ಡ್ ಕ್ರೀಮು ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಹೈಡ್ರೋಕ್ವಿನೋನನ್ನೂ ವರ್ಷಗಟ್ಟಲೆ ಹಚ್ಚಿದರೆ ಕಲೆ ನೀಲಿಗಪ್ಪಾಗಿ ಉಳಿದುಬಿಡಬಹುದು. ನನ್ನ ರಾತ್ರಿ ಕ್ರೀಮು ನಿಲ್ಲಿಸಿದ ಮೇಲೆ ಡಾಕ್ಟರ್ ಅಜೆಲಾಯಿಕ್ ಆಸಿಡ್ ಅನ್ನೋ ಹಚ್ಚುವ ಔಷಧಿ ಬರೆದುಕೊಟ್ಟರು. ಮೊದಮೊದಲು ಚುರುಚುರು ಅನ್ನುತ್ತಿತ್ತು, ಆಮೇಲೆ ಒಗ್ಗಿತು. ಬಂಗಿಗೆ ಕೆಲವರಿಗೆ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ನನಗೆ ಕೊಡಲಿಲ್ಲ. ನಮ್ಮವ್ವನಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅಂಥ ಮನೆತನದವರಿಗೆ ಅದು ಅಪಾಯ.

ಕಡಲೆಹಿಟ್ಟು, ಮೊಸರು ಹಚ್ಚಿದರೆ ನಷ್ಟವಿಲ್ಲ, ಲಾಭವನ್ನೂ ಕಾಣಲಿಲ್ಲ. ನಿಂಬೆರಸ ಬೇಡ. ಚರ್ಮ ಸುಟ್ಟು, ಸುಟ್ಟ ಜಾಗ ಇನ್ನೂ ಕಪ್ಪಾಗುತ್ತದೆ.

ಈಗ ಕೆನ್ನೆಯದು ಹತ್ತಿರ ಬಂದರೆ ಮಾತ್ರ ಕಾಣುತ್ತದೆ, ಮೇಲ್ತುಟಿಯದು ಹಟಮಾರಿ. ಏಪ್ರಿಲ್ ಬಂದರೆ ಎಲ್ಲವೂ ಒಂದು ಸುತ್ತು ಗಾಢವಾಗುತ್ತದೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ದೋಸೆಗೆ ಕಾಯುತ್ತಾ ಹೆಂಗಸರು, "ಅಕ್ಕಾ, ಯಾವ ಕ್ರೀಮು?" ಅಂತ ಕೇಳುತ್ತಾರೆ. ಅವರಲ್ಲಿ ಯಾರು ಬಸುರಿಯೋ, ಯಾರು ಯಾವ ಮಾತ್ರೆ ತಗೊಳ್ಳುತ್ತಾರೋ ನನಗೇನು ಗೊತ್ತು? ಟ್ರೆಟಿನಾಯಿನ್ ಬಸುರಿಯರಿಗೆ ಆಗುವುದಿಲ್ಲ. ಹಾಗಾಗಿ ಸನ್‌ಸ್ಕ್ರೀನ್ ಹೆಸರು ಹೇಳುತ್ತೇನೆ, ರಾತ್ರಿ ಕ್ರೀಮಿಗೆ ಡಾಕ್ಟರ್ ವಿಳಾಸ ಕೊಡುತ್ತೇನೆ.