ಐದು ಕಂಬ, 90 ಸೆಕೆಂಡು: ಹೈಸ್ಕೂಲ್ ಮಕ್ಕಳಿಗೆ ವಿಡಿಯೊ ಸುದ್ದಿ ಕಲಿಸಿದ ನನ್ನ ಅನುಭವ

ನನ್ನದು ಮದುವೆ ವಿಡಿಯೊ ಕಸುಬು. ಕೊಡಗಿನ ಗೋಣಿಕೊಪ್ಪ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂರು ವರ್ಷದಿಂದ ಪ್ರತಿ ಶನಿವಾರ ಮಕ್ಕಳಿಗೆ ವಿಡಿಯೊ ಸುದ್ದಿ ಮಾಡೋದು ಕಲಿಸ್ತಿದ್ದೇನೆ. "ರೀಲ್ಸ್ ಕ್ಲಾಸಾ?" ಅಂತ ನಕ್ಕ ಗೆಳೆಯರು ಹೋದ ವರ್ಷ ಮಕ್ಕಳ ಗ್ರಾಮಸಭೆ (ಮಕ್ಕಳೇ ಪಂಚಾಯಿತಿಯವರ ಮುಂದೆ ತಮ್ಮ ತೊಂದರೆ ಹೇಳೋ ಸಭೆ) ಆದಮೇಲೆ ಸುಮ್ಮನಾಗಿದ್ದಾರೆ.

ಮೊದಲ ವರ್ಷ ಪೂರ್ತಿ ನೆಲಕಚ್ಚಿತು. ಜೂನ್‌ನಲ್ಲಿ ಶುರು ಮಾಡಿದ್ದೇ ತಪ್ಪು. ಶೀಟಿನ ಮಾಡಿನ ಮೇಲೆ ನಮ್ಮ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ, ಇನ್ನು ಮೈಕಿಗೆ ಏನು ಕೇಳುತ್ತೆ? ಕರೆಂಟು ಹೋದರೆ ಮೂರು ದಿನ ಬರೋದಿಲ್ಲ. ಮಕ್ಕಳೋ, ಟಿವಿಯವರ ಹಾಗೆ ಕಿರುಚೋದು ಬಿಟ್ಟು ಬೇರೇನೂ ಮಾಡಲಿಲ್ಲ. ಹತ್ತನೇ ಕ್ಲಾಸಿನವರನ್ನು ಆರಿಸಿಕೊಂಡಿದ್ದೆ, ದಸರಾ ಮುಗಿದ ಮೇಲೆ ಒಬ್ಬರೂ ಬರಲಿಲ್ಲ. ಮೇಲಿಂದ ನನ್ನ ಲೆನ್ಸಿಗೆ ಫಂಗಸ್ ಹಿಡಿಯಿತು. ಎಲ್ಲಾ ಸೇರಿ ಹನ್ನೆರಡು ಸಾವಿರದ ಹತ್ತಿರ ಕೈಬಿಟ್ಟಿತು. ಹೆಂಡತಿಗೆ ಎಂಟು ಅಂತ ಹೇಳಿದ್ದೇನೆ.

ಎರಡನೇ ವರ್ಷ ಎಂಟು, ಒಂಬತ್ತನೇ ಕ್ಲಾಸಿನವರನ್ನು ತಗೊಂಡೆ. ಹಳೇ ಫೋನು ಮೂರು, ಆರುನೂರು ಚಿಲ್ಲರೆಯ ಕಾಲರ್ ಮೈಕ್ ಎರಡು. ಗಾಳಿ ಸದ್ದಿಗೆ ಹಳೇ ಸ್ವೆಟರಿನ ತುಂಡು. ಖರ್ಚು ನಾಲ್ಕೂವರೆ ಸಾವಿರ ದಾಟಲಿಲ್ಲ. ಆದರೂ ಕೆಲಸ ಕೆಟ್ಟಿತು. ಒಬ್ಬೊಬ್ಬರಿಗೆ ಒಂದೊಂದು ವಿಷಯ ಕೊಟ್ಟಿದ್ದೆ: ಕಸ, ಆನೆ, ಬಸ್ಸು, ಶೌಚಾಲಯ. ಹನ್ನೊಂದು ವಿಷಯದಲ್ಲಿ ಒಂದೂ ಮುಗಿಯಲಿಲ್ಲ.

ಹಾಗಾಗಿ ಹೋದ ವರ್ಷ ಇಡೀ ಬ್ಯಾಚಿಗೆ ಒಂದೇ ವಿಷಯ. ಬಸ್ ಸ್ಟಾಪಿನಿಂದ ಲೈನ್ ಮನೆಗಳಿಗೆ (ತೋಟದ ಕೆಲಸದವರ ಸಾಲುಮನೆ) ಹೋಗುವ ಪಂಚಾಯಿತಿ ರಸ್ತೆಯ ಐದು ಕಂಬ. ಒಂದರಲ್ಲೂ ದೀಪ ಉರಿಯಲ್ಲ. ಸ್ಪೆಷಲ್ ಕ್ಲಾಸ್ ಮುಗಿಸಿ ಮಕ್ಕಳು ಬಸ್ ಇಳಿಯೋದು ಆರೂವರೆಗೆ. ಎರಡೂ ಕಡೆ ಕಾಫಿ ತೋಟ, ಅದರೊಳಗೆ ಆನೆ. ಅಲ್ಲಿ ಶೂಟಿಂಗಿಗೆ ದೊಡ್ಡವರಿಲ್ಲದೆ ಯಾರನ್ನೂ ಕಳಿಸಲಿಲ್ಲ. ಬಲ್ಬು ಕೊನೇ ಸಲ ಯಾವಾಗ ಹಾಕಿದ್ದು ಅಂತ ನನ್ನ ಹೆಸರಲ್ಲಿ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. 30 ದಿನದ ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು. ಐದೂ ಬಲ್ಬು ಹಾಕಿ ಆರು ತಿಂಗಳಾಗಿದೆಯಂತೆ! ಒಬ್ಬ ಹುಡುಗ ಆ ಕಾಗದವನ್ನು ಕೈಯಲ್ಲಿ ಎತ್ತಿ ಹಿಡಿದ. ಫೋಕಸ್ ಕಾಗದದಿಂದ ಮೆಲ್ಲಗೆ ಹಿಂದಿನ ಖಾಲಿ ಹೋಲ್ಡರಿಗೆ ಹೋಯಿತು. ಆ ಶಾಟ್ ನಾನು ಹೇಳಿಕೊಟ್ಟಿದ್ದಲ್ಲ.

ಮಧ್ಯೆ ಇನ್ನೊಂದು ಪ್ರಯೋಗ. ಲೈನ್ ಮನೆಯ ಅಜ್ಜಿಯನ್ನು ಕನ್ನಡದಲ್ಲಿ ಕೇಳಿದರೆ "ಎಲ್ಲಾ ಚೆನ್ನಾಗಿದೆ" ಅಂದು ಒಳಗೆ ಹೋದರು. ನಮ್ಮ ಬ್ಯಾಚಿನಲ್ಲೇ ಇದ್ದ ಅವರ ಮೊಮ್ಮಗಳು ಮನೆಮಾತಾದ ಎರವ ಭಾಷೆಯಲ್ಲಿ ಕೇಳಿದಾಗ ಹದಿನಾಲ್ಕು ನಿಮಿಷ ಮಾತಾಡಿದರು. ವಿಡಿಯೊದ ಕೆಳಗೆ ಬರುವ ಕನ್ನಡ ಸಾಲುಗಳನ್ನು ಅವಳೇ ಬರೆದಳು. ಈಗ ಕೊಡವ ತಕ್ಕ್, ಮಲಯಾಳಂ, ಯಾರ ಮನೆಯಲ್ಲಿ ಯಾವುದೋ ಅದರಲ್ಲೇ ಪ್ರಶ್ನೆ. ಬರೀ ಮಳೆ ಸದ್ದಿನಲ್ಲೇ ಒಂದು ಸುದ್ದಿ ಮಾಡೋಣ ಅಂತಲೂ ನೋಡಿದೆವು. ನಿದ್ದೆ ಬಂತು.

ಮಕ್ಕಳ ಗ್ರಾಮಸಭೆಯಲ್ಲಿ 90 ಸೆಕೆಂಡಿನ ವಿಡಿಯೊ ತೋರಿಸಿದೆವು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎಂದಿನಂತೆ "ನೋಡೋಣ, ಮಾಡಿಸ್ತೀವಿ" ಅಂದರು. ಆ ಅಜ್ಜಿಯ ಮೊಮ್ಮಗಳು ಮೈಕ್ ಕೊಡದೆ ನಿಂತಳು. "ಯಾವ ತಾರೀಖಿಗೆ ಸಾರ್?" ಎರಡು ಫೋನು ಓಡ್ತಾನೇ ಇತ್ತು. ಅವರು ಡೈರಿ ತೆಗೆದರು.

ಈ ಎರಡನೇ ಪ್ರಶ್ನೆ ಕೇಳೋದನ್ನು ಕಲಿಸೋಕೆ ನನ್ನದೊಂದು ಆಟ ಇದೆ. ಮದುವೆ ಮನೆಯಲ್ಲಿ ಬೀಗರನ್ನು ಮಾತಾಡಿಸಿ ಮಾಡಿಕೊಂಡ ಆಟ. ಅದನ್ನು ಇಲ್ಲಿ ಬರೆಯಲ್ಲ, ಬೇಕಾದವರು ಶನಿವಾರ ಬಂದು ನೋಡಿ.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ನಾಲ್ಕು ಕಂಬಕ್ಕೆ ದೀಪ ಬಂತು. ಐದನೆಯದು ಇನ್ನೂ ಕತ್ತಲೆ, ಹಾಗಾಗಿ ಆ ಫೋಲ್ಡರ್ ಅಳಿಸೋಕೆ ಮಕ್ಕಳು ಬಿಡ್ತಿಲ್ಲ. ಫೋನಿನಲ್ಲಿ ಜಾಗ ಇಲ್ಲ. ಮೆಮೊರಿ ಕಾರ್ಡಿಗೆ ಮತ್ತೆ ಸಾವಿರ ಹೊಂದಿಸಬೇಕು.