ಹಳೇ ಡೆಸ್ಕ್‌ಟಾಪ್‌ಗೆ ಹೊಸ ಪ್ರೊಸೆಸರ್ ಹಾಕಿದ್ದು: ನನ್ನ ಅನುಭವ

ನಮ್ಮನೇಲಿರೋ ಡೆಸ್ಕ್‌ಟಾಪ್ 2012ರಲ್ಲಿ ತಗೊಂಡಿದ್ದು. ಐ3 2120 ಪ್ರೊಸೆಸರ್, ಎಚ್61 ಚಿಪ್‌ಸೆಟ್ ಇರೋ ಮದರ್‌ಬೋರ್ಡ್ (ಪ್ರೊಸೆಸರ್, ರ‍್ಯಾಮ್ ಎಲ್ಲಾ ಕೂರೋ ಮುಖ್ಯ ಬೋರ್ಡು). ಬ್ರೌಸಿಂಗು, ಟೈಪಿಂಗು ಇಷ್ಟಕ್ಕೆ ಈಗ್ಲೂ ಸಾಕು. ಕಷ್ಟ ಆಗಿದ್ದು ನಮ್ಮೂರ ಕಡೆ ಯಕ್ಷಗಾನ ಬಯಲಾಟಗಳನ್ನ ರೆಕಾರ್ಡ್ ಮಾಡೋಕೆ ಶುರು ಮಾಡಿದ್ಮೇಲೆ. ರಾತ್ರಿ ಇಡೀ ನಡೆಯೋ ಆಟ, ಒಂದು ಗಂಟೆ ವಿಡಿಯೋ ರೆಂಡರ್ ಆಗೋಕೆ, ಅಂದ್ರೆ ಎಡಿಟ್ ಮಾಡಿದ್ದು ಪೂರ್ತಿ ಫೈಲಾಗಿ ತಯಾರಾಗೋಕೆ, ಮೂರೂವರೆ ಗಂಟೆ, ಅಷ್ಟೊತ್ತೂ ಕಂಪ್ಯೂಟರಲ್ಲಿ ಬೇರೆ ಕೆಲಸ ಮಾಡೋ ಹಾಗಿಲ್ಲ.

ಮೊದ್ಲು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ಫಾಸ್ಟಾಗಿರೋ ಡಿಸ್ಕು) ಹಾಕ್ದೆ, ರ‍್ಯಾಮ್ 4ರಿಂದ 8 ಜಿಬಿ ಮಾಡ್ದೆ. ಆನ್ ಆಗೋದು, ಸಾಫ್ಟ್‌ವೇರ್ ಓಪನ್ ಆಗೋದು ಎಲ್ಲಾ ಫಾಸ್ಟ್ ಆಯ್ತು, ಆದ್ರೆ ರೆಂಡರ್ ಟೈಮು ಹಾಗೇ ಇತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ಸಿಪಿಯು, ಅಂದ್ರೆ ಪ್ರೊಸೆಸರು, ಪೂರ್ತಿ 100 ಪರ್ಸೆಂಟು, ಡಿಸ್ಕು ಸುಮ್ನೆ ಕೂತಿದೆ. ಆಗ ಪ್ರೊಸೆಸರೇ ಬದಲಾಯಿಸ್ಬೇಕು ಅಂತ ಗೊತ್ತಾಯ್ತು.

ಇಲ್ಲಿ ಎಲ್ರೂ ಪ್ರೊಸೆಸರ್ ನೋಡೋಕೆ ಹೋಗ್ತಾರೆ, ನೋಡ್ಬೇಕಾಗಿದ್ದು ಬೋರ್ಡನ್ನ. ನನ್ನ ಬೋರ್ಡಿನ ಸಾಕೆಟ್ (ಪ್ರೊಸೆಸರ್ ಕೂರೋ ಜಾಗ) 1155, ಅದಕ್ಕೆ ಇಂಟೆಲ್‌ದು ಎರಡನೇ ಮತ್ತೆ ಮೂರನೇ ಜನರೇಷನ್ ಮಾತ್ರ ಕೂರುತ್ತೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಒಂದು ಅಂಗಡೀಲಿ "ಸಾರ್, ಇದು ಫೋರ್ತ್ ಜನರೇಷನ್ ಐ5, ಇನ್ನೂ ಹೊಸದು, ಅದೇ ರೇಟಿಗೆ ಕೊಡ್ತೀನಿ" ಅಂದ್ರು. ನೋಡೋಕೆ ಮೂರನೇದೂ ನಾಲ್ಕನೇದೂ ಒಂದೇ ಥರ, ಆದ್ರೆ ನಾಲ್ಕನೇದು 1150 ಸಾಕೆಟ್ಟಿಂದು, ಅಂಚಲ್ಲಿರೋ ಕಚ್ಚು ಬೇರೆ ಜಾಗದಲ್ಲಿರುತ್ತೆ, ಕೂರೋದೇ ಇಲ್ಲ. ಒತ್ತಿ ಕೂರಿಸೋಕೆ ಹೋದ್ರೆ ಬೋರ್ಡಿನ ಪಿನ್ನು ಬಗ್ಗುತ್ತೆ, ಅಲ್ಲಿಗೆ ಬೋರ್ಡೇ ಹೋಯ್ತು.

ಕೊನೆಗೆ ಉಳಿದಿದ್ದು ಎರಡು, ಐ5 3470 ಮತ್ತೆ ಐ7 3770. ಎರಡಕ್ಕೂ ನಾಲ್ಕು ಕೋರು, ಎರಡೂ 77 ವ್ಯಾಟು, ಆದ್ರೆ ಐ5ಗೆ ನಾಲ್ಕು ಥ್ರೆಡ್ಡು, ಐ7ಗೆ ಎಂಟು, ಅಂದ್ರೆ ಒಂದೊಂದು ಕೋರೂ ಒಟ್ಟಿಗೆ ಎರಡು ಕೆಲಸ ಹಿಡಿಯುತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಐ7 ರೇಟು ಐ5ರ ಎರಡು ಪಟ್ಟಿಗಿಂತ ಜಾಸ್ತಿ ಹೇಳಿದ್ರು. ಮನೇ ಬಳಕೆಗೆ ಯಾರಾದ್ರೂ ಕೇಳಿದ್ರೆ ನಾನು ಐ5 ತಗೊಳ್ಳಿ ಅಂತಾನೇ ಹೇಳ್ತೀನಿ, ಕಣ್ಣಿಗೆ ಕಾಣೋ ವ್ಯತ್ಯಾಸ ಇರಲ್ಲ. ವಿಡಿಯೋ ಎನ್‌ಕೋಡಿಂಗ್ (ರೆಂಡರ್ ಮಾಡುವಾಗ ನಡೆಯೋ ಕೆಲಸ) ಮಾತ್ರ ಎಷ್ಟು ಥ್ರೆಡ್ ಕೊಟ್ರೂ ತಗೊಳ್ಳುತ್ತೆ, ಅದಕ್ಕೇ ನಾನು ಐ7 ತಗೊಂಡೆ. 3770ಕೆ ಅಂತ ಒಂದಿದೆ, ಓವರ್‌ಕ್ಲಾಕ್ ಮಾಡೋರಿಗೆ (ಪ್ರೊಸೆಸರ್ ಸ್ಪೀಡನ್ನ ತಾವೇ ಏರಿಸ್ಕೊಳ್ಳೋರಿಗೆ), ಎಚ್61ರಲ್ಲಿ ಅದು ಆಗಲ್ಲ, ಸುಮ್ನೆ ದುಡ್ಡು ದಂಡ. 3770ರ ಕೊನೇಲಿ ಟಿ ಅಂತಿದ್ರೆ ಅದು 45 ವ್ಯಾಟಿಂದು, ಸ್ಪೀಡ್ ಕಮ್ಮಿ, ಚಿಪ್ ಮೇಲೆ ಬರೆದಿರೋದನ್ನ ಬೆಳಕಲ್ಲಿ ಹಿಡಿದು ಓದಿ.

ಬಯೋಸ್, ಅಂದ್ರೆ ಕಂಪ್ಯೂಟರ್ ಆನ್ ಆದಾಗ ಮೊದ್ಲು ಓಡೋ ಬೋರ್ಡಿನ ಸಾಫ್ಟ್‌ವೇರ್, ಅದ್ರ ವಿಷ್ಯ ಯಾರೂ ಹೇಳಲ್ಲ. ಎಚ್61 ಬಂದಾಗ ಮೂರನೇ ಜನರೇಷನ್ ಇನ್ನೂ ಬಂದೇ ಇರ್ಲಿಲ್ಲ, ಹಾಗಾಗಿ ಹಳೇ ಬಯೋಸ್ ಇರೋ ಬೋರ್ಡು ಅದನ್ನ ಗುರುತಿಸಲ್ಲ, ಫ್ಯಾನ್ ತಿರುಗುತ್ತೆ ಡಿಸ್ಪ್ಲೇ ಬರಲ್ಲ. ಅಪ್‌ಡೇಟನ್ನ ಹಳೇ ಪ್ರೊಸೆಸರ್ ಇರುವಾಗ್ಲೇ ಮಾಡ್ಬೇಕು. ನಾನು ಬೋರ್ಡಿನ ಪೂರ್ತಿ ಮಾಡೆಲ್ ನಂಬರು, ರಿವಿಷನ್ ಸಮೇತ ಬರ್ಕೊಂಡು, ಅದೇ ಫೈಲು ಇಳಿಸಿ, ಯುಪಿಎಸ್ ಇಟ್ಕೊಂಡು ಮಾಡ್ದೆ, ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ, ಅರ್ಧದಲ್ಲಿ ಹೋದ್ರೆ ಬೋರ್ಡು ಸತ್ತ ಹಾಗೇ.

ಐ7 ಹಾಕಿ ಐ3ದೇ ಸಣ್ಣ ಕೂಲರ್ ಕೂರಿಸಿದ್ದೆ, ರೆಂಡರ್ ಹಾಕಿ ಹತ್ತು ನಿಮಿಷಕ್ಕೆ 90 ಡಿಗ್ರಿ ದಾಟ್ತು. ತಕ್ಷಣ ನಿಲ್ಲಿಸಿ, ಮಧ್ಯದಲ್ಲಿ ತಾಮ್ರ ಇರೋ ದೊಡ್ಡ ಕೂಲರ್ ತಂದು, ಚಿಪ್ಪಿಗೂ ಕೂಲರಿಗೂ ಮಧ್ಯೆ ಹಚ್ಚೋ ಹಳೇ ಪೇಸ್ಟನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಚೆನ್ನಾಗಿ ಒರೆಸಿ ಹೊಸದು ಹಾಕ್ದೆ, ಈಗ 72ರ ಹತ್ರ ನಿಲ್ಲುತ್ತೆ.

ವಿಂಡೋಸ್ 11 ಇದಕ್ಕೆ ಅಧಿಕೃತವಾಗಿ ಇಲ್ಲ, ಇಂಟೆಲ್‌ದು ಎಂಟನೇ ಜನರೇಷನ್‌ನಿಂದ ಮೇಲೆ ಬೇಕು. ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗೀತು, ಹಾಗಾಗಿ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಹಾಕಿ, ಕೇಡೆನ್‌ಲೈವ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡ್ತಿದೀನಿ. ಒಂದು ಗಂಟೆ ಆಟ ಈಗ ಸುಮಾರು ಒಂದೂವರೆ ಗಂಟೇಲಿ ರೆಂಡರ್ ಆಗುತ್ತೆ, ರಾತ್ರಿ ಮಲಗೋವಾಗ ಹಾಕಿಟ್ರೆ ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಿಗೆ ಇಡೀ ಪ್ರಸಂಗದ ಅರ್ಧ ಭಾಗ ರೆಡಿ ಇರುತ್ತೆ.